ಸಕ್ಕರೆ ಎಂಬ ಬೈಗುಳ

ನಮ್ಮ ಪಕ್ಕದ ಮನೆಯ ಎನಿಡ್ ಗ್ರೀನ್‌ವುಡ್ ಸಿಟ್ಟು ಬಂದಾಗ "ಶುಗರ್!" ಎನ್ನುತ್ತಿದ್ದಳು. ಅದೇ ಅಕ್ಷರದಿಂದ ಶುರುವಾಗುವ, ಕಕ್ಕಸಿಗೆ ಸೇರಿದ ಬೈಗುಳವೊಂದು ನಮ್ಮ ಇಂಗ್ಲಿಷಿನಲ್ಲಿದೆ. ನಾಲಿಗೆಯ ತುದಿಗೆ ಬಂದ ಅದನ್ನು ಮರ್ಯಾದಸ್ಥರು ಸಕ್ಕರೆ ಮಾಡಿಬಿಡುತ್ತಾರೆ. ಇಸ್ತ್ರಿಪೆಟ್ಟಿಗೆ ಕಾಲ ಮೇಲೆ ಬಿದ್ದರೂ ಎನಿಡ್‌ಗೆ ಸಕ್ಕರೆಯೇ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವವಳು ಇನ್ನೇನು ಅಂದಾಳು?

ಗಂಡ ಸಿರಿಲ್ ಮನೆಮನೆಗೆ ಕಲ್ಲಿದ್ದಲು ಹೊರುತ್ತಿದ್ದವನು. ಬಾಯಿ ತೆರೆದರೆ 'ಬ್ಲಡಿ'. ತಿದ್ದಿ ತಿದ್ದಿ ಅವನನ್ನು 'ಬ್ಲೂಮಿಂಗ್'ಗೆ ಇಳಿಸಿದ್ದಳು. "ಇವಳ ಕಾಟಕ್ಕೆ ನನ್ನ ಬಾಯಲ್ಲಿ ಬರೀ ಹೂ ಅರಳ್ತಾವೆ ಕಣಮ್ಮ" ಎಂದು ನನ್ನ ಹತ್ತಿರ ಗೊಣಗುತ್ತಿದ್ದ.

ಕಳೆದ ಚಳಿಗಾಲ ಎನಿಡ್‌ಗೆ ಲಕ್ವ ಹೊಡೆಯಿತು. ಮಾತೆಲ್ಲ ಹೋಗಿ ಅದೊಂದೇ ಉಳಿಯಿತು: "ಶುಗರ್!" ಆಸ್ಪತ್ರೆಯ ನರ್ಸು ಈ ಕಾಲದ ಹುಡುಗಿ. ಬೈಯುವುದಿದ್ದರೆ ಅಸಲಿಯನ್ನೇ ಬೈಯುವವಳು. ಅವಳ ಪಾಲಿಗೆ ಸಕ್ಕರೆ ಎಂದರೆ ಸಕ್ಕರೆಯೇ. ಟೀಗೆ ಎರಡು ಚಮಚ ಸುರಿದಳು. ಸಪ್ಪೆ ಟೀ ಕುಡಿದು ಬೆಳೆದ ಎನಿಡ್ ಮುಖ ಕಿವುಚಿ, ಕಪ್ಪು ತಳ್ಳಿ, ಇನ್ನೂ ಜೋರಾಗಿ "ಶುಗರ್!" ಎಂದಳು.

"ಸಾಲ್ದಾ ಅಜ್ಜಿ?" ಎಂದು ಹುಡುಗಿ ಮತ್ತೊಂದು ಚಮಚ ಹಾಕಿದಳು.

ವಾರದ ಕೊನೆಗೆ, ಸಿರಿಲ್ ಜೊತೆ ನಾನೂ ವಾರ್ಡಿನಲ್ಲಿದ್ದಾಗ, ಡಾಕ್ಟರು ಬಂದರು. "ಕೇಳಿದ್ದು ಕೊಟ್ರೆ ತಳ್ತಾರೆ, ಮತ್ತೆ ಅದನ್ನೇ ಕೇಳ್ತಾರೆ. ಅವರಿಗೆ ಏನೂ ತಿಳೀತಿಲ್ಲ. ಮನೆಗೆ ಕಳಿಸೋ ಹಾಗಿಲ್ಲ, ಯಾವ್ದಾದ್ರೂ ವೃದ್ಧಾಶ್ರಮ ನೋಡಿ."

"ಅವಳು ಸಕ್ಕರೆ ಕೇಳ್ತಿಲ್ಲ ಡಾಕ್ಟ್ರೇ, ನಿಮ್ಮನ್ನ ಬೈತಿದಾಳೆ!" ಎಂದ ಸಿರಿಲ್.

ಡಾಕ್ಟರು ಅಯ್ಯೋ ಪಾಪ ಎನ್ನುವಂತೆ ಅವನ ಕಡೆ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಸಿರಿಲ್ ಟೋಪಿ ತೆಗೆದು ಹೆಂಡತಿಯ ಮಂಚದ ಹತ್ತಿರ ಹೋಗಿ ನಿಂತು, ಆ ಅಸಲಿ ಬೈಗುಳವನ್ನು ಇಡೀ ವಾರ್ಡಿಗೆ ಕೇಳುವಂತೆ ಕೂಗಿಬಿಟ್ಟ.

ಎನಿಡ್ ಅವನನ್ನು ದುರುಗುಟ್ಟಿ ನೋಡಿದಳು. ಸೊಟ್ಟಗಾದ ತುಟಿ ಅದುರಿತು.

"ಸಿ... ಸಿರಿಲ್!"

ಹಿಂದೆಲ್ಲ ನಮ್ಮ ಅಂಗಳದಲ್ಲಿದ್ದ ನನಗೂ ಗೋಡೆಯಾಚೆಯಿಂದ ಕೇಳಿಸುತ್ತಿದ್ದ ಅದೇ ಗದರಿಕೆ. "ಕೇಳಿದ್ರಾ, ನನ್ನ ಹೆಸರು ಹಿಡಿದು ಬೈದ್ಲು!" ಎಂದವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾನೂ ಅತ್ತೆ.

ಡಾಕ್ಟರು ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತರು. ಅಷ್ಟು ದಿನದಲ್ಲಿ ಮೊದಲ ಸಲ ಎನಿಡ್‌ಳನ್ನೇ ಕೇಳಿದರು:

"ಮನೆಗೆ ಹೋಗ್ತೀರಾಮ್ಮಾ?"

ಎನಿಡ್ ಹೂಂ ಎಂಬಂತೆ ತಲೆಯಾಡಿಸಿದಳು.