ಗಚ್ಚಿನ ಮೇಸ್ತ್ರಿ

ನಮ್ಮ ಕೂಲಿಕಾರರ ಬಸ್ತಿಯ ಗುರುಸಿದ್ದಪ್ಪನಿಗೆ ಮೀಸೆಗಿಂತ ಮಾತು ದೊಡ್ಡದು. ಹೆಂಡತಿ ಅಂಬವ್ವನ ಜೊತೆ ಸೇಡಂ ಕಡೆಯಿಂದ ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಮಾಧಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ದಿನಗಳವು. ಅಲ್ಲಿ ಗಂಡ ಸಿಮೆಂಟಿನ ಮೇಸ್ತ್ರಿ, ಹೆಂಡತಿ ಬುಟ್ಟಿ ಹೊರುವವಳು. ಆದರೂ ಯಾರೇ ಸಿಗಲಿ, "ಸಿಮೆಂಟು ಹೊಟ್ಟಿಪಾಡಿಗೆ. ನಮ್ಮ ಖರೇ ಕಸುಬು ಸುಣ್ಣದ ಗಚ್ಚು" ಎನ್ನುತ್ತಿದ್ದ.

ಈ ಜಂಬ ರಾಯಚೂರು ಕಡೆಯ ಒಬ್ಬ ಎಂಜಿನಿಯರರ ಕಿವಿಗೆ ಬಿತ್ತು. ಮೂಸಿ ನದಿಯ ಹಳೆಯ ಸೇತುವೆಯ ಒಂದು ಕಮಾನಿನಲ್ಲಿ ಕಲ್ಲುಗಳ ಸಂದು ಬಿಟ್ಟಿತ್ತು. ನಿಜಾಮರಿಗಿಂತಲೂ ಹಳೆಯ ಕಟ್ಟಡ, ಅದಕ್ಕೆ ಸಿಮೆಂಟು ಸೋಕಿಸುವಂತಿಲ್ಲ. ಅದರ ದುರಸ್ತಿಯ ಹೊಣೆ ಹೊತ್ತಿದ್ದ ಎಂಜಿನಿಯರರು ಕರೆದು ಕೇಳಿದಾಗ ಗುರುಸಿದ್ದಪ್ಪ ಎದೆ ಉಬ್ಬಿಸಿಕೊಂಡು ಒಪ್ಪಿದ.

ಆದರೆ ಅವನೆಂದೂ ಗಚ್ಚು ಅರೆದವನಲ್ಲ. ಊರಿನಲ್ಲಿ ಅವನು ಕಲ್ಲು ಕೂರಿಸುತ್ತಿದ್ದ, ಅಷ್ಟೇ. ಸುಣ್ಣ ನೆನೆಹಾಕಿ, ಬೆಲ್ಲದ ನೀರು ಬೆರೆಸಿ, ಬೆರಳಲ್ಲಿ ಹದ ನೋಡಿ ಕೊಡುತ್ತಿದ್ದವಳು ಅಂಬವ್ವ.

"ಸುಣ್ಣ ಎಷ್ಟು ದಿನ ನೆನೀಬೇಕು ಮೇಸ್ತ್ರಿ?" ಎಂದು ಕೂಲಿಯವರೆಲ್ಲರ ಮುಂದೆ ಎಂಜಿನಿಯರರು ಕೇಳಿದಾಗ ಅವನು ಮೀಸೆ ತಿರುವಿದ. ಪಕ್ಕದಲ್ಲೇ ನಿಂತ ಹೆಂಡತಿಯನ್ನು ಕೇಳಿದ್ದರೆ ಮುಗಿಯುತ್ತಿತ್ತು. ಗಂಡಸು ನೋಡಿ, ಕೇಳಲಿಲ್ಲ.

"ಮೂರು ದಿನ ಸಾಕ್ರಿ" ಎಂದುಬಿಟ್ಟ.

ಅಂಬವ್ವ ಏನೋ ಹೇಳಲು ಬಾಯಿ ತೆರೆದಳು.

"ನೀ ಸುಮ್ನ ಬುಟ್ಟಿ ಎತ್ತು!"

ಎರಡೇ ಮಳೆಗೆ ಗಚ್ಚು ಗಂಜಿಯಂತೆ ಇಳಿದುಹೋಯಿತು. ಎಂಜಿನಿಯರರು ಬೈಯಲಿಲ್ಲ. ಒಮ್ಮೆ ಕಮಾನು ನೋಡಿದರು, ಒಮ್ಮೆ ಇವನನ್ನು ನೋಡಿದರು, ಜೀಪು ಹತ್ತಿದರು. ಅಂದಿನಿಂದ ಗುರುಸಿದ್ದಪ್ಪನ ಬಾಯಿ ಬಂದ್. ಆ ಸೇತುವೆ ದಾಟಬಾರದೆಂದು ಎರಡು ಬಸ್ಸು ಬದಲಿಸಿ, ಸುತ್ತು ಹಾಕಿ ಕೆಲಸಕ್ಕೆ ಹೋಗುತ್ತಿದ್ದ.

ತಿಂಗಳಾದ ಮೇಲೆ, ಊಟಕ್ಕೆ ಕುಳಿತವನು ತಟ್ಟೆ ನೋಡುತ್ತಲೇ ಕೇಳಿದ: "ನಿನಗ ಹದ ಗೊತ್ತಿತ್ತಲ್ಲ, ಯಾಕ ಹೇಳಲಿಲ್ಲ?"

"ಹೇಳಾಕ ಬಂದಿದ್ನಿ. ಮತ್ತ ಒತ್ತಿ ಹೇಳಿದ್ರ ನಾಕು ಮಂದಿ ಮುಂದ ನಿಮ್ಮ ಮಾನ ಹೋಗತಿತ್ತಲ್ಲರಿ" ಎಂದು ಅಂಬವ್ವ ಇನ್ನೊಂದು ರೊಟ್ಟಿ ಹಾಕಿದಳು.

ಅವನು ಆ ರೊಟ್ಟಿಯನ್ನು ತಟ್ಟೆಯ ಅಂಚಿಗೆ ಸರಿಸಿದ. ತಾನು ಅವಳ ಮಾನ ಕಳೆದಿದ್ದೂ ಅದೇ ನಾಲ್ಕು ಮಂದಿಯ ಮುಂದೆಯೇ ಎಂಬುದು ಆಗ ಹೊಳೆಯಿತು. ನಾಚಿಕೆಯಿಂದ ಸತ್ತಂತಾಯಿತು.

ಕಮಾನಿಗೆ ಇನ್ನೂ ಬೇರೆ ಮೇಸ್ತ್ರಿ ಸಿಕ್ಕಿರಲಿಲ್ಲ. ಮರುದಿನ ಬೆಳಿಗ್ಗೆ ಗುರುಸಿದ್ದಪ್ಪ ಹೆಂಡತಿಯನ್ನು ಕರೆದುಕೊಂಡು ಸೇತುವೆಯ ಕೆಳಗೆ ಎಂಜಿನಿಯರರ ಎದುರು ನಿಂತ. ಸುತ್ತ ಅದೇ ಕೂಲಿಯವರು. ಅವಳ ಕೈಯ ಬುಟ್ಟಿ ತೆಗೆದು ತನ್ನ ತಲೆಯ ಮೇಲಿಟ್ಟುಕೊಂಡ.

"ಗಚ್ಚಿನ ಮೇಸ್ತ್ರಿ ಇಕಿರಿ ಸಾಹೇಬ್ರ," ಎಂದ. "ನಾ ಬುಟ್ಟಿ ಎತ್ತಾಂವ."