ಒಬ್ಬರೇ ಅಳುತ್ತಿದ್ದರೆ

ನಮ್ಮ ದೊಡ್ಡಮಿಸ್‌ಗೆ ಎಡಗಿವಿ ಕೇಳುತ್ತಿರಲಿಲ್ಲ. ಮಕ್ಕಳು ಏನಾದರೂ ಹೇಳಲು ಬಂದರೆ ಸೊಂಟಕ್ಕೆ ಒಂದು ಕೈ ಕೊಟ್ಟು, ‘ಅಮ್ಮಾ’ ಎಂದು ನರಳುತ್ತ ಬಗ್ಗಿ, ಬಲಗಿವಿಯನ್ನು ಆ ಪುಟ್ಟ ಬಾಯಿಯ ಹತ್ತಿರ ಒಡ್ಡುತ್ತಿದ್ದರು. ದಿನಕ್ಕೆ ಅದೆಷ್ಟು ಸಲ ಬಗ್ಗಿ ಏಳುತ್ತಿದ್ದರೋ. ಮಧ್ಯಾಹ್ನದ ಹೊತ್ತಿಗೆ ಅವರ ಮುಖ ಹಿಂಡಿ ಹಾಕಿದ ಬಟ್ಟೆಯಂತಾಗಿರುತ್ತಿತ್ತು.

ಚಾಮರಾಜನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಗುಂಡ್ಲುಪೇಟೆಯಲ್ಲಿ ಮಹಿಳಾ ಸಮಾಜದವರು ನಡೆಸುತ್ತಿದ್ದ ಶಿಶುವಿಹಾರಕ್ಕೆ ನಾನು ಹೊಸದಾಗಿ ಸೇರಿದ್ದೆ. ಮಕ್ಕಳಿಗೆ ನಾನು ಚಿಕ್ಕಮಿಸ್, ಅವರು ದೊಡ್ಡಮಿಸ್. ನನಗೂ ಅವರು ದೊಡ್ಡಮಿಸ್ಸೇ ಆದರು. ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಬರುವ ಮೊದಲ ಬಸ್ಸಿಗೆ ಬಂದಿಳಿಯುತ್ತಿದ್ದರು. ಸಂಜೆ ವಾಪಸ್ಸು ಹೋಗುವಾಗ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರೆ ಊರು ಬಂದಾಗ ಕಂಡಕ್ಟರೇ ಎಬ್ಬಿಸಬೇಕು. ಬಾಗಿಲಿಗೆ ಬೀಗ ಹಾಕುವಾಗೆಲ್ಲ ‘ಸಾಕಾಯ್ತು ಕಣಮ್ಮಿ, ನಾಳೆಯಿಂದ ಬರಕಿಲ್ಲ’ ಎನ್ನುತ್ತಿದ್ದರು. ಮಾರನೆಯ ಬೆಳಿಗ್ಗೆ ನನಗಿಂತ ಮೊದಲೇ ಬಂದು ಕಸ ಗುಡಿಸುತ್ತಿರುತ್ತಿದ್ದರು.

ಸೇರಿದ ಹೊಸದರಲ್ಲಿ ಎರಡು ಮಕ್ಕಳು ಮರದ ಕುದುರೆಗಾಗಿ ಕಿತ್ತಾಡಿದಾಗ ನಾನು ಓಡಿಹೋಗಿ ಬಿಡಿಸಿದ್ದೆ. ದೊಡ್ಡಮಿಸ್ ಕರೆದು ಹೇಳಿದರು: “ಇಬ್ರೂ ಅಳ್ತಿದ್ರೆ ಅದು ಜಗಳ, ಅವರೇ ಸರಿ ಮಾಡ್ಕತರೆ ಬುಡು. ಒಬ್ರೇ ಅಳ್ತಿದ್ರೆ ಮಾತ್ರ ಎದ್ದೋಗಿ ನೋಡು. ಅದು ಜಗಳ ಅಲ್ಲ.” ಆಗ ನನಗೆ ಅದು ಅಷ್ಟಾಗಿ ಅರ್ಥವಾಗಲಿಲ್ಲ.

ಆ ವರ್ಷ ಚಳಿ ಶುರುವಾದಾಗ ನಾಲ್ಕು ವರ್ಷದ ಒಂದು ಹುಡುಗಿ ಕುಳಿತಲ್ಲೇ ಒದ್ದೆ ಮಾಡಿಕೊಳ್ಳತೊಡಗಿದಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದೊಡ್ಡಮಿಸ್ ಇದ್ದಿದ್ದರೆ, ಬರೆದದ್ದಕ್ಕೆ ಬೈಯುತ್ತಿದ್ದರು. ತಂದೆ ಕರೆಂಟ್ ಆಫೀಸಿನಲ್ಲಿ ಗುಮಾಸ್ತರು. ಮೊದಲೆಲ್ಲ ಚೂಟಿಯಾಗಿದ್ದ ಹುಡುಗಿ ಈಗ ಹಿತ್ತಲಿನ ಕಕ್ಕಸಿಗೆ ಹೋಗು ಎಂದರೆ ಕಂಬ ತಬ್ಬಿ ನಿಲ್ಲುತ್ತಿದ್ದಳು. ಲಂಗ ಬದಲಿಸುವಾಗ ಅವಳ ಕಾಲ ಮೇಲೆ ಉದ್ದುದ್ದ ಕೆಂಪು ಬರೆಗಳನ್ನು ನೋಡಿ ನಾನು ದೊಡ್ಡಮಿಸ್ಸನ್ನು ಕರೆದೆ.

ಅವರು ಏನೂ ಕೇಳಲಿಲ್ಲ. ಅವಳ ಪಕ್ಕ ನೆಲದ ಮೇಲೆ ಕುಳಿತು ಅವರೆಕಾಯಿ ಸುಲಿಯತೊಡಗಿದರು. ಬಹಳ ಹೊತ್ತಾದ ಮೇಲೆ ಹುಡುಗಿ ಎದ್ದು ಬಂದು ಅವರ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಆದರೆ ಎಡಗಿವಿಯಲ್ಲಿ. ದೊಡ್ಡಮಿಸ್ ಮುಖ ನೋಡಿದೆ. ಏನೂ ಕೇಳಿಸಿಲ್ಲವೆಂದು ನನಗೆ ಗೊತ್ತಾಯಿತು. ಅಷ್ಟು ಧೈರ್ಯ ಮಾಡಿ ಹೇಳಿದ ಕೂಸನ್ನು ಮತ್ತೆ ಹೇಳು ಎನ್ನುವುದು ಹೇಗೆ? ಅವರು ಅವಳ ಕೈ ಹಿಡಿದು ಮೆಲ್ಲಗೆ ಹೇಳಿದರು: “ಮಗ, ಈ ಕಿವಿ ಕೆಟ್ಟೋಗದೆ. ತಪ್ಪು ನಂದು. ಈ ಕಡೆ ಬಂದು ಇನ್ನೊಂದ್ಸಲ ಹೇಳ್ದಯಾ?”

ಹುಡುಗಿ ಅವರ ಬೆನ್ನ ಹಿಂದಿನಿಂದ ಸುತ್ತಿಕೊಂಡು ಬಲಗಡೆಗೆ ಬಂದು ಇನ್ನೊಮ್ಮೆ ಹೇಳಿದಳು.

ಐದು ವರ್ಷದ ಒಬ್ಬ ಹುಡುಗನ ಕೆಲಸ ಅದು. ಹತ್ತಿರದ ಹಂಗಳ ಊರಿನವನು. ಪದ್ಯವನ್ನು ಗಟ್ಟಿಯಾಗಿ ಚೆನ್ನಾಗಿ ಹೇಳುತ್ತಿದ್ದ, ನನಗಂತೂ ಬಲು ಮುದ್ದಿನವನು. ಅವಳು ಕಕ್ಕಸಿಗೆ ಹೋದಾಗ ಹಿಂದೆಯೇ ಹೋಗಿ, ಊಟದ ಟವಲ್ಲನ್ನು ನೀರಿನಲ್ಲಿ ಅದ್ದಿ, ಹುರಿ ಮಾಡಿ ಹೊಡೆದು, ಹೊರಗಿನಿಂದ ಚಿಲಕ ಹಾಕುತ್ತಿದ್ದನಂತೆ. ‘ಬಾಯಿ ಬುಟ್ರೆ ಇನ್ನೂ ಬೀಳ್ತದೆ’ ಎನ್ನುತ್ತಿದ್ದನಂತೆ.

ದೊಡ್ಡಮಿಸ್ ಆ ಮಧ್ಯಾಹ್ನವೇ ಬಡಗಿಯನ್ನು ಕರೆಸಿ ಹೊರಗಿನ ಚಿಲಕ ಕೀಳಿಸಿದರು. ಮಕ್ಕಳು ಹಿತ್ತಲಿಗೆ ಹೋದಾಗ ನಮ್ಮಿಬ್ಬರಲ್ಲಿ ಒಬ್ಬರು ಅಲ್ಲಿರಲೇಬೇಕೆಂದರು. ಹುಡುಗನನ್ನು ಎಲ್ಲರೆದುರು ನಿಲ್ಲಿಸಲಿಲ್ಲ, ‘ಸಾರಿ ಕೇಳು’ ಎನ್ನಲಿಲ್ಲ. ತಮ್ಮ ಪಕ್ಕಕ್ಕೆ ಅವನ ಚಾಪೆ ಎಳೆದುಕೊಂಡು, “ಇನ್ಮೇಲೆ ನನ್ ಜೊತೇಲೇ ಇರು. ಹೊಡಿಯಕ್ಕೆ ನಾನು ಬುಡಕಿಲ್ಲ” ಎಂದರು. ಅಷ್ಟೇ. ಸಂಜೆ ಹುಡುಗಿಯ ತಾಯಿಗೆ ಎಲ್ಲವನ್ನೂ ತಾವೇ ಹೇಳಿದರು.

ಮಾರನೆಯ ದಿನ ಸಮಾಜದ ಅಧ್ಯಕ್ಷೆ ಬಂದರು. “ಮಕ್ಕಳಾಟವನ್ನ ಯಾಕೆ ದೊಡ್ಡದು ಮಾಡ್ತೀರ? ಊರಿಗೆಲ್ಲ ಗೊತ್ತಾದ್ರೆ ಯಾರು ಮಕ್ಕಳನ್ನ ಕಳಿಸ್ತಾರೆ?” ಎಂದರು. ಅವರು ಹೋದ ಮೇಲೆ ಹುಡುಗಿಯ ತಂದೆ ಬಂದರು.

“ಅವನನ್ನ ಈಗಲೇ ಆಚೆಗೆ ಹಾಕಿ. ಇಲ್ಲ, ನಾನೇ ನಾಲ್ಕು ಬಿಗೀತೀನಿ.”

“ನಿಮ್ಮ ಮಗಳನ್ನ ಇಲ್ಲಿ ಇನ್ನು ಯಾರೂ ಮುಟ್ಟದಂಗೆ ನೋಡ್ಕತೀನಿ. ಆಗಲಿಲ್ಲ ಅಂದ್ರೆ ನಾನೇ ಕೆಲಸ ಬುಟ್ಟು ಓಯ್ತೀನಿ,” ಎಂದರು ದೊಡ್ಡಮಿಸ್. “ಆದ್ರೆ ಅವ್ನೂ ಕೂಸೇ ಕಣಪ್ಪ. ಟವಲ್ ನೆನೆಸಿ ಹುರಿ ಮಾಡದ ಅವನಿಗೆ ಯಾರೋ ಕಲ್ಸವ್ರೆ.”

ತಂದೆ ಮಗಳನ್ನು ಎತ್ತಿಕೊಂಡು ಹೋದರು. ಅವಳ ಜಾಗ ಕೆಲವು ದಿನ ಖಾಲಿ ಇತ್ತು.

ಆ ವಾರವೇ ನಾವಿಬ್ಬರೂ ಬಸ್ಸು ಹತ್ತಿ ಹಂಗಳಕ್ಕೆ ಹೋದೆವು. ಹುಡುಗನ ತಾಯಿ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕ್ಯಾಲಿಕಟ್‌ಗೆ ತರಕಾರಿ ಲಾರಿ ಓಡಿಸುತ್ತಿದ್ದ ಗಂಡ ಒಳಗೆ ಮಲಗಿದ್ದ. ದೊಡ್ಡಮಿಸ್ ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಮೆಲ್ಲಗೆ ವಿಷಯ ಹೇಳಿದರು. ಅವಳ ಕೈ ನಿಂತುಹೋಯಿತು. “ಅವ್ರಪ್ಪ ಹಂಗೇಯ ಕನವ್ವ. ಒಳೀಕ್ ಕೂಡಾಕಿ ಒದ್ದೆ ಟವಲ್ಲಲ್ಲಿ... ನಂಗೂ ಅಷ್ಟೇಯ,” ಎಂದು ಸೆರಗು ಬಾಯಿಗಿಟ್ಟಳು.

ಅಷ್ಟರಲ್ಲಿ ಗಂಡ ಎದ್ದು ಬಂದ. “ಏನ್ ಟೀಚರಮ್ಮ, ನಮ್ ಹೈದ ಏನ್ ಮಾಡ್ಬುಟ್ಟ?”

ಹೇಳಿದರೆ ಹುಡುಗನಿಗೆ ಏಟು, ಹೇಳದಿದ್ದರೆ ಬಂದದ್ದು ದಂಡ. ದೊಡ್ಡಮಿಸ್ ಮೊಣಕಾಲು ಹಿಡಿದುಕೊಂಡು ಎದ್ದು ನಿಂತರು.

“ಒಂದ್ ಕೂಸ್ಗೆ ಹೊಡ್ದವ್ನೆ, ನೀನು ಅವನ್ಗೆ ಹೊಡ್ದಂಗೇಯ. ಇದ ಕೇಳ್ಕಂಡು ನೀನು ಇವತ್ತು ಅವನ್ಗೆ ಬಾರ್ಸಿದ್ರೆ ನಾಳೆ ಅವ್ನು ಇನ್ನೊಂದ್ ಕೂಸ್ಗೆ ಬಾರಿಸ್ತನೆ. ನಾನು ಬಂದಿರದು ದೂರು ಹೇಳಕ್ಕಲ್ಲ ಕಣಪ್ಪ. ಹೊಡಿಬ್ಯಾಡ ಅಂತ ಕೇಳಕ್ಕೆ.”

ಅವನು ಹೆಂಡತಿಗೆ, “ಕಾಪಿ ಕಾಯ್ಸು” ಎಂದ. ನಾಚಿಕೆಯೋ ಸಿಟ್ಟೋ ತಿಳಿಯಲಿಲ್ಲ. ಕಾಫಿ ಕುಡಿದು ಬಂದೆವು.

ಹುಡುಗಿ ಮರಳಿ ಬಂದಳು. ನಾವು ಹಿತ್ತಲು ಕಾದೆವು. ಹುಡುಗ ದೊಡ್ಡಮಿಸ್ ಸೆರಗಿಗೇ ಅಂಟಿಕೊಂಡ ಹಾಗೆ ಇದ್ದ. ಒಂದು ದಿನ ಆಟದ ಮಧ್ಯೆ ಮುಷ್ಟಿ ಬಿಗಿಹಿಡಿದು ಅವರ ಬಳಿ ಬಂದು ನಿಂತ. “ಮಿಸ್, ಹೊಡಿಯಂಗಾಯ್ತದೆ,” ಎಂದ. ಅವರು ಸೊಂಟ ಹಿಡಿದುಕೊಂಡು ಬಗ್ಗಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, “ಬಂದು ಹೇಳ್ದಲ್ಲ, ಜಾಣ. ಬಾ, ಕೂತ್ಕೊ,” ಎಂದರು. ಅವರು ನಕ್ಕದ್ದನ್ನು ಆ ವರ್ಷ ನಾನು ನೋಡಿದ್ದು ಅವತ್ತೊಂದೇ ದಿನ ಇರಬೇಕು.

ಆದರೆ ಮಾತು ಹೇಗೋ ಊರಿಗೆ ಹಬ್ಬಿತು. ಕೆಲವು ತಾಯಂದಿರು ಅವನ ಪಕ್ಕ ತಮ್ಮ ಮಕ್ಕಳನ್ನು ಕೂರಿಸಬೇಡಿ ಎಂದರು. ಯಾರೋ ಬಸ್‌ಸ್ಟ್ಯಾಂಡಿನಲ್ಲಿ ಅವನ ತಂದೆಯನ್ನು ಹಂಗಿಸಿದರಂತೆ. ಸಂಕ್ರಾಂತಿ ಕಳೆದ ಮೇಲೆ ಹುಡುಗ ಬರಲಿಲ್ಲ. ಪುಣಜನೂರಿನಲ್ಲಿ ಅವನ ಸೋದರಮಾವ ಇದ್ದಾನೆ, ಅಲ್ಲಿಗೆ ಹೋಗಿದ್ದಾರೆ ಎಂದು ತಿಳಿಯಿತು. ಭಾನುವಾರ ದೊಡ್ಡಮಿಸ್ ಒಬ್ಬರೇ ಹೋಗಿ ಹುಡುಕಿ ಬಂದರು. ಸೋಮವಾರ ಬಂದವರು ಪಾಠ ಶುರು ಮಾಡದೆ ಗೋಡೆಗೆ ಒರಗಿ ಕುಳಿತರು.

“ಅಲ್ಲೂ ಇಲ್ಲ ಕಣಮ್ಮಿ. ಘಾಟಿ ಇಳ್ದು ಸತ್ಯಮಂಗಲದ ಕಡೀಕೆ ಒಂಟೋಗವ್ರಂತೆ.”

ಆಮೇಲೂ ಕೆಲವು ವರ್ಷ ಅವರು ಅದೇ ಬಸ್ಸಿಗೆ ಬಂದರು. ಕೊನೆಗೆ ಸೊಂಟ ಪೂರ್ತಿ ಕೈಕೊಟ್ಟಾಗ ಕೆಲಸ ಬಿಟ್ಟರು. ಚಾಮರಾಜನಗರದ ಅವರ ಮನೆಗೆ ನೋಡಲು ಹೋದಾಗ ಮಂಚದಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದರು. “ಒಂದ್ ಕೂಸ ಉಳುಸ್ಕಂಡೊ. ಇನ್ನೊಂದ ಬುಟ್ಬುಟ್ಟೊ,” ಎಂದರು. “ನಿಮ್ಮ ಕೈಲಾದ್ದು ಮಾಡಿದ್ರಿ” ಎಂದೆ. “ಕೈಲಿ ಆಗಿದ್ದು ಅಷ್ಟೇ ಅಲ್ವಾ ಕಣಮ್ಮಿ, ಅದೇ ಸಂಕಟ,” ಎಂದರು.

ಚಾಮರಾಜನಗರ ಜಿಲ್ಲೆಯಾದ ಎರಡನೇ ವರ್ಷ ಅವರು ತೀರಿಕೊಂಡರು. ನಡುಮನೆಯಲ್ಲಿ ಅವರನ್ನು ಮಲಗಿಸಿದ್ದಾಗ ಆ ಹುಡುಗಿಯ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿ ಎತ್ತರವಾಗಿದ್ದಳು, ಹೈಸ್ಕೂಲಿನ ಯೂನಿಫಾರಂನಲ್ಲಿದ್ದಳು.

“ಯಾರಮ್ಮ ಇವ್ರು?” ಎಂದು ಕೇಳಿದಳು.

“ನಿನ್ನ ಶಿಶುವಿಹಾರದ ಮಿಸ್ಸು ಕಣೇ. ನಿನಗೋಸ್ಕರ ಎಷ್ಟೊಂದು...”

“ನಂಗೆ ಒಂಚೂರೂ ಜ್ಞಾಪಕ ಇಲ್ಲ,” ಎಂದಳು ಹುಡುಗಿ.

ತಾಯಿಗೆ ಮುಜುಗರವಾಯಿತು. ಏನೋ ಹೇಳಲು ಬಾಯಿ ತೆರೆದವಳ ಕೈಯನ್ನು ನಾನು ಹಿಡಿದುಕೊಂಡೆ. ಜ್ಞಾಪಕ ಇಲ್ಲದಿರುವುದೇ ದೊಡ್ಡಮಿಸ್‌ಗೆ ಬೇಕಾಗಿದ್ದದ್ದು. ಆ ಕಕ್ಕಸು, ಆ ಕತ್ತಲೆ, ಆ ಒದ್ದೆ ಟವಲ್ಲು, ಎಲ್ಲದರ ಜೊತೆಗೆ ತಮ್ಮನ್ನೂ ಮರೆತದ್ದಕ್ಕೆ ಅವರು ಬೇಸರ ಮಾಡಿಕೊಳ್ಳುವವರಲ್ಲ.

ಸಂಜೆಯ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ವಾಪಸ್ಸು ಬರುವಾಗ ನನಗೆ ಆ ಹುಡುಗನದೇ ಯೋಚನೆ. ಘಾಟಿಯ ಕೆಳಗೆ ಎಲ್ಲೋ ಅವನೂ ಬೆಳೆದಿರುತ್ತಾನೆ. ಅವನೂ ಮರೆತಿರಲಿ ಎಂದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಒಂದು ಕಾಲದಲ್ಲಿ ಒಬ್ಬರು ತನಗೆ ಹೊಡೆಯದೆ, ಬೈಯದೆ, ಪಕ್ಕದಲ್ಲಿ ಕೂರಿಸಿಕೊಂಡಿದ್ದರು ಎನ್ನುವುದಾದರೂ ಅವನಿಗೆ ನೆನಪಿರಲಿ ಎಂದುಕೊಂಡೆ.