ಬಾಯಿಗೆ ಬಾರದ ಸಾಲು

ಯುದ್ಧದ ಆ ವರ್ಷಗಳಲ್ಲಿ ಮಂಡ್ಯದ ನಮ್ಮ ಬೀದಿಯ ಸೂಲಗಿತ್ತಿ ಪ್ರತಿ ಭಾನುವಾರ ಚರ್ಚಿನಲ್ಲಿ ನನ್ನ ಪಕ್ಕವೇ ಕೂರುತ್ತಿದ್ದಳು. ಆಕೆಯ ಗಂಟಲು ದೊಡ್ಡದು. ಹೊಲದಾಚೆ ಇರುವವರನ್ನು ಕೂಗುವ ಹಾಗೆ ಪ್ರಾರ್ಥನೆ ಹೇಳುತ್ತಿದ್ದಳು. ಆದರೆ 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು' ಎನ್ನುವ ಸಾಲು ಬಂದರೆ ಸಾಕು, ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಯಾಕೆಂದು ಕೇಳಿದರೆ ಒಂದೇ ಮಾತು: "ದೇವ್ರ ಮುಂದೆ ಸುಳ್ಳಾಡಕ್ಕಾಗಕಿಲ್ಲ ಕಣಮ್ಮ."

ಕ್ರೈಸ್ತಳಾದಳೆಂಬ ಸಿಟ್ಟಿಗೆ, ಹೆತ್ತ ತಾಯಿಯನ್ನು ಹೂಳುವಾಗ ಒಂದು ಹಿಡಿ ಮಣ್ಣು ಹಾಕಲೂ ಅಣ್ಣ ಆಕೆಯನ್ನು ಬಿಟ್ಟಿರಲಿಲ್ಲ.

ಒಂದು ಶನಿವಾರ ಇದ್ದಕ್ಕಿದ್ದಂತೆ ನನ್ನನ್ನೂ ಎಳೆದುಕೊಂಡು ರೈಲು ಹತ್ತಿದಳು. ಯಲಿಯೂರಿನಲ್ಲಿ ಇಳಿದು ಸೀದಾ ಅಣ್ಣನ ಮನೆಗೆ ಹೋಗಿ ಜಗಲಿಯ ಮೇಲೆ ಕೂತಳು. ಅಣ್ಣ ಹೊರಗೆ ಬಂದು, "ಯಾಕ್ ಬಂದೆ? ಇನ್ನೂ ಜಗಳ ಮುಗ್ದಿಲ್ವಾ?" ಎಂದ.

"ಮುಗ್ಸಕ್ಕೇ ಬಂದೆ ಅಣ್ಣಯ್ಯ. ನೀನು ಮಾಡಿದ್ದು ತಪ್ಪೇ. ಅದುನ್ನ ಇವತ್ತು ಬುಟ್ಬುಟ್ಟೆ. ಬಾಯಾರ್ತಾದೆ, ನೀರ್ ಕೊಡು."

ಅವನು ಹೆಂಡತಿಯನ್ನು ಕೂಗದೆ ತಾನೇ ಒಳಗೆ ಹೋಗಿ, ಮನೆಯವರು ಕುಡಿಯುವ ಚೊಂಬಿನಲ್ಲೇ ನೀರು ತಂದ. ಆಕೆ ಪೂರಾ ಕುಡಿದು ಚೊಂಬನ್ನು ಅವನ ಕೈಗೇ ಕೊಟ್ಟಳು.

ಮರುದಿನ ಆ ಸಾಲು ಬಂದಾಗ ಸೆರಗು ಮೇಲೇಳಲಿಲ್ಲ, ಗಂಟಲು ಎದ್ದಿತು. ಉಳಿದವರೆಲ್ಲ ಮುಂದಿನ ಸಾಲಿಗೆ ಹೋದರೂ ಆಕೆ ಅದನ್ನೇ ಇನ್ನೊಂದು ಸಲ ಹೇಳಿದಳು, ಒಬ್ಬಳೇ, ತಲೆಯೆತ್ತಿ. ಪಾದ್ರಿಗಳು ಪ್ರಾರ್ಥನೆ ನಿಲ್ಲಿಸಿ, ಆಕೆ ಮುಗಿಸುವವರೆಗೆ ಕಾದರು.